ಮುಚ್ಚಳದ ಮೇಲಿನ ಅಕ್ಕತಂಗಿಯರು

ಆಟದ ಪೆಟ್ಟಿಗೆಯ ಮುಚ್ಚಳದ ಮೇಲೆ ಅಕ್ಕತಂಗಿಯರನ್ನು ಎದುರುಬದುರು ಕೂರಿಸಿದ ಮಹಾನುಭಾವ ನಾನೇ. ಧಾರವಾಡದ ಗೆಳೆಯರೇ, ಮೊದಲೇ ಒಪ್ಪಿಕೊಂಡಿದ್ದೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡ್ರಿ.

ಮೂಡುಬಿದಿರೆಯಲ್ಲಿ ಬಸ್ಸಿಳಿದ ದಿನ ಕಂಡಕ್ಟರನಿಂದ ಹಿಡಿದು ಹೋಟೆಲಿನಲ್ಲಿ ಬೆಕ್ಕು ಓಡಿಸುವವರ ತನಕ ಎಲ್ಲರದೂ ತುಳು. ಕರ್ನಾಟಕದೊಳಗೇ ನಾನು ಮೂಗ! ನನ್ನ ಜೊತೆ ಮಾತ್ರ ಪಾಠ ಓದಿದ ಹಾಗೆ ನಿಧಾನ ಕನ್ನಡ: "ಊಟ ಮಾಡ್ತೀರಾ? ಅನ್ನ ಉಂಟು." ಉಂಟು ಸರಿ, ಆದರೆ ಗೋಲಿಯಂಥ ಕುಚ್ಚಲಕ್ಕಿ ಅನ್ನ. ರೊಟ್ಟಿ ನೆನೆದು ಅತ್ತದ್ದು ಸುಳ್ಳಲ್ಲ. ಒಂಟಿತನಕ್ಕೆ ನಾನು ಕಂಡುಕೊಂಡ ಮದ್ದು ಅಣಕ. ಊರವರ ಸ್ವರ ಕಲಿತು ಅವರಿಗೇ ಒಪ್ಪಿಸಿದೆ, ನಡುನಡುವೆ ನನ್ನದನ್ನೂ. ನಕ್ಕರು. ಬಾಡಿಗೆಗೆ ಕೋಣೆಯೂ ಸಿಕ್ಕಿತು.

ಕೆಲಸ ಗಿರಿಜಾ ಟೀಚರ ಮನೆಯ ಚಾವಡಿಯಲ್ಲಿ. ಶಾಲೆ ಮುಗಿಸಿ ಬಂದು ಅವರು ಮಕ್ಕಳಿಗೆ ಲೆಕ್ಕ ಕಲಿಸುವ ಆಟ ಕಟ್ಟುವುದು; ನಾನು ಚಿತ್ರ ಬರೆದು, ಅಚ್ಚು ಹಾಕಿಸಿ, ಅಂಗಡಿಗೆ ಮುಟ್ಟಿಸುವುದು. ಆ ವರ್ಷದ್ದು ಚೆನ್ನೆ. ನಮ್ಮ ಅಳಗುಳಿ ಮಣೆಯೇ, ರಟ್ಟಿನದ್ದು. ಗುಳಿಗೆ ಬೀಜ ಹಾಕುತ್ತ ಹಾಕುತ್ತ ಮಗ್ಗಿ ಬಾಯಿಗೆ ಬರಬೇಕು. ನಮ್ಮಲ್ಲಿ ಅದನ್ನು ಯಾವಾಗ ಬೇಕಾದರೂ ಆಡುತ್ತೇವೆ. ಇಲ್ಲಿ ಆಟಿಯಲ್ಲಿ ಮಾತ್ರ, ಅಂದರೆ ಗದ್ದೆಯ ಕೆಲಸ ಕಡಿಮೆಯಾಗುವ ಮಳೆಯ ತಿಂಗಳಲ್ಲಿ. ಆಮೇಲೆ ಮಣೆ ಅಟ್ಟಕ್ಕೆ. ಆ ತಿಂಗಳೊಳಗೆ ಮಾರಿದರೆ ಮಾತ್ರ ಚಾವಡಿಯ ಕೆಲಸ ಉಳಿಯುತ್ತಿತ್ತು.

ನನ್ನ ಚಿತ್ರ ನೋಡಿ ಟೀಚರು, "ಅಕ್ಕತಂಗಿ ಬೇಡ ಮಾರಾಯ. ಅವರು ಎದುರೆದುರು ಕೂತು ಚೆನ್ನೆ ಆಡಿದರೆ ಜಗಳವಾಗಿ ಸಂಬಂಧವೇ ಮುರೀತದೆ ಅಂತ ಇಲ್ಲಿ ಹೇಳ್ತಾರೆ. ನಾನು ನಂಬುದಿಲ್ಲ. ಕೊಳ್ಳುವವರು ನಂಬ್ತಾರೆ" ಅಂದರು.

ನಾನು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದೇ ಸ್ವರದಲ್ಲಿ, "ಬೇಡ ಮಾರಾಯ" ಅಂದೆ. ಅವರ ಅಮ್ಮ ಬಿದ್ದು ಬಿದ್ದು ನಕ್ಕರು. ಟೀಚರೂ ನಕ್ಕರು. ನಕ್ಕರಲ್ಲಾ, ಅಂದರೆ ಒಪ್ಪಿದರು ಅಂದುಕೊಂಡೆ! ಮರುದಿನ ಅವರು ತರಬೇತಿಗೆಂದು ಮಂಗಳೂರಿಗೆ ಹೋದರು. ನಾನು ಅದೇ ಚಿತ್ರವನ್ನು ಅಚ್ಚಿಗೆ ಕೊಟ್ಟೆ.

ಕಲ್ಲಡ್ಕದಲ್ಲಿ ಅಂಗಡಿಯ ಹಮೀದ್ ಬ್ಯಾರಿಗಳು ಪೆಟ್ಟಿಗೆಗಳನ್ನು ನನ್ನ ಕಡೆಗೇ ದೂಡಿದರು. "ಹೆಂಗಸರು ಮುಚ್ಚಳ ನೋಡಿಯೇ ಕೆಳಗಿಡ್ತಾರೆ. ದುಡ್ಡು ಕೊಟ್ಟು ಮನೆಗೆ ಜಗಳ ತೆಗೊಂಡು ಹೋಗುದಾ ಅಂತ ನನಗೇ ಜೋರು ಮಾಡ್ತಾರೆ. ನಿನಗೆ ಬರೆಯಲಿಕ್ಕೆ ಅಣ್ಣತಂಗಿ ಸಿಗಲಿಲ್ಲವಾ?"

ಬೆಳ್ತಂಗಡಿಯಲ್ಲೂ ಅದೇ. ಹೊಸ ಮುಚ್ಚಳ ಬರುವಷ್ಟರಲ್ಲಿ ಆಟಿ ಕಳೆದಿತ್ತು. ಟೀಚರು ಚಾವಡಿ ಖಾಲಿ ಮಾಡಿದರು. ಆಮೇಲೆ ಆಟ ಕಟ್ಟಲೇ ಇಲ್ಲ.

ಈಗ ನಾನು ಬಂಟ್ವಾಳದ ಪ್ರೆಸ್ಸಿನಲ್ಲಿ ಮದುವೆ ಕಾಗದ ಅಚ್ಚು ಹಾಕುತ್ತೇನೆ. ಊರಿಗೆ ಬಂದು 'ಉಂಟು' ಅಂದರೆ ನೀವು ನಗುತ್ತೀರಿ, ಇಲ್ಲಿ 'ಐತ್ರಿ' ಅಂದರೆ ಇವರು. ಎರಡು ಕಡೆಯೂ ಅಣಕಿಸುತ್ತಿದ್ದೇನೆ ಅಂತಲೇ ತಿಳಿಯುತ್ತಾರೆ. ನಿಜವಾಗಿ ಮಾತಾಡುವುದು ಯಾವ ಊರಲ್ಲೋ, ನನಗೂ ಗೊತ್ತಿಲ್ಲ.

ಚಾವಡಿ ಖಾಲಿ ಮಾಡಿದ ದಿನ ತಡೆಯಲಾಗದೆ ಕೇಳಿದ್ದೆ: "ಟೀಚರೇ, ಆವತ್ತು ನಗುವ ಬದಲು ಎರಡು ಬೈದು ಹೇಳಬಾರದಿತ್ತಾ?"

ಅವರು ರಟ್ಟು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

"ಹೇಳಿದೆನಲ್ಲ. ನನ್ನ ಸ್ವರ ಚಂದ ಹಿಡಿದೆ ನೀನು. ನಾನು ಹೇಳಿದ್ದು ಕೇಳಿದ್ದಾ?"