ಗಿರಣಿ ಜಹಾಂಗೀರಸಾಬರ ಟವಲ್ಲು

ಆ ಸೋಮವಾರ ಎಂದಿನಂಗ ಇತ್ತು. ಲಕ್ಷ್ಮೇಶ್ವರದಾಗ ನಮ್ಮದು ಹಿಟ್ಟಿನ ಗಿರಣಿ. ನನ್ನ ಗಂಡ ಜಹಾಂಗೀರ ಮುಂಜಾನೆ ಏಳಕ್ಕ ಬಾಗಲಾ ತೆಗದ್ರು. ಕೂದಲಿಗೆ ಹಿಟ್ಟು ಕೂಡಬಾರದಂತ ತಲಿಗೆ ಟವಲ್ ಕಟ್ಟೋರು. ಗಂಟು ಹಿಂದ. ಮೂವತ್ತು ವರ್ಷ ಹಂಗ ಕಟ್ಟಿದವರು. ಗಂಟು ಮುಂದ ಹಣಿ ಮ್ಯಾಲೆ ಬಂತಂದ್ರ ತಲಿ ನೋಯಾಕತ್ತೈತಿ ಅಂತ ತಿಳಕೋಬೇಕು. ಬಾಯಿಲೆ ಹೇಳೋ ಮನಶಾ ಅಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಾಕಿಗೆ.

ಅಡರಕಟ್ಟಿ ಹನಮಂತವ್ವ ಜ್ವಾಳ ತಂದಿದ್ಲು. "ಸಾಬರ, ಹೋದ ಸಲ ಹಿಟ್ಟು ರವಾ ಆಗಿತ್ತು. ರೊಟ್ಟಿ ತಟ್ಟಿದ್ರ ಹರೀತಿತ್ತು."

"ಹಿಟ್ಟು ಛಲೋ ಇತ್ತಬೇ. ನಿನ್ನ ಕೈಗೆ ವಯಸ್ಸಾಗೇತಿ."

"ನಿಮ್ಮ ಕಲ್ಲಿಗೆ ಆಗಿದ್ದನ್ನ ನನ್ನ ಕೈಗೆ ಹಚ್ಚಬ್ಯಾಡ್ರಿ."

ನಮ್ಮವರು ನಕ್ಕೋಂತ ಬುಟ್ಟಿ ಎತ್ತಿದ್ರು. ಬಲಗೈ ಸತ್ತಂಗ ಕೆಳಗ ಬಿತ್ತು. ಜ್ವಾಳ ನೆಲಕ್ಕ ಚೆಲ್ಲಿತು. ಏನೋ ಹೇಳಾಕ ಹೋದ್ರು, ನಾಲಿಗಿ ತೊದಲಿತು. ಹತ್ತು ಮಿನಿಟಿಗೆ ಎಲ್ಲಾ ಸರಿ ಆತು. "ಏನಿಲ್ಲ ಬಿಡು" ಅಂದ್ರು. ಹನಮಂತವ್ವ ಬಿಡಲಿಲ್ಲ. "ನಮ್ಮಣ್ಣಗ ಹಿಂಗ ಆಗಿ, ಮರುದಿನ ಲಕ್ವಾ ಹೊಡೀತು. ಮೋತಿಬಿ, ಗದಗಿಗೆ ಕರಕೊಂಡು ನಡಿ."

ಗದಗಿನ ದವಾಖಾನಿಯಾಗ ಫೋಟೋ ತೆಗದ್ರು. ಕುತ್ತಿಗಿ ಎಡಕ್ಕ, ಮಿದುಳಿಗೆ ರಕ್ತ ಒಯ್ಯೋ ನಾಳದಾಗ ಕೊಬ್ಬು ಕಟ್ಟಿತ್ತು. ಕೊಯ್ದು ಸ್ವಚ್ಛ ಮಾಡಬೇಕಂದ್ರು. ಡಾಕ್ಟರ್ ಹುಬ್ಬಳ್ಳಿಯಿಂದ ಬಂದಿದ್ರು. "ಎರಡು ಮೂರು ದಿನಕ್ಕ ಮನಿಗೆ ಹೋಗ್ತೀರಿ" ಅಂದ್ರು. ನಾ ಆ ಮಾತು ಹಿಡಕೊಂಡು ಕುಂತೆ.

ಬಾಜೂ ಕಾಟಿನ ಮ್ಯಾಲೆ ಅಸುಂಡಿ ಅಂದಾನಪ್ಪ. ಅವರಿಗೂ ಅದ ಆಪರೇಶನ್, ಅದ ದಿನ. "ಸಾಬರ, ಇಬ್ಬರ ಕುತ್ತಿಗಿಗೂ ಕೂಡೇ ಚಾಕು ಬಿದ್ದೈತಿ. ಕೂಡೇ ಮನಿಗೆ ಹೋಗೂಣು" ಅಂದಿದ್ರು. ಆಪರೇಶನ್ ಆಗಿ ಎರಡನೇ ದಿನಕ್ಕ ಅವರು ಎದ್ದು ಅಂಗಿ ಹಾಕ್ಕೊಂಡ್ರು. "ನಾ ಹೊಂಟೆ. ನೀವೇನು ಇಲ್ಲೇ ಬಾಡಿಗಿ ಹಿಡದೀರೇನು?"

ನಮ್ಮವರು ನಕ್ಕರು. ಅವರು ಹೋದ ಮ್ಯಾಲೆ ಆ ಖಾಲಿ ಕಾಟು ನೋಡಿಕೊಂತ ಮಲಗಿದ್ರು.

ನಾ ಡಾಕ್ಟರ್‌ನ ಕೇಳಿದೆ. "ಅವರನ್ನ ಕಳಿಸಿದ್ರಿ. ನಮ್ಮನ್ಯಾಕ ಇಟಗೊಂಡೀರಿ?"

"ಎಲ್ಲಾರಿಗೂ ಒಂದ ಲೆಕ್ಕ ನಡಿಯಂಗಿಲ್ಲವ್ವ. ಅವರಿಗೆ ಸಕ್ಕರಿ ಇಲ್ಲ, ಬಿಪಿ ಇಳದೈತಿ, ಕೈ ಬಿದ್ದಿರಲಿಲ್ಲ. ನಿಮ್ಮವರಿಗೆ ಮೊದಲ ಕೈ ಬಿದ್ದಿತ್ತು. ಸಕ್ಕರಿ ಐತಿ. ಬಿಪಿ ಏರತೈತಿ, ಇಳೀತೈತಿ. ಗಾಯದ ಹಂತ್ಯಾಕ ಬಾವೂ ಐತಿ. ಬಿಪಿ ಒಂದಿನ ಪೂರಾ ಒಂದ ಮಟ್ಟಕ್ಕ ನಿಂತ್ರ ಕಳಿಸ್ತೀನಿ." ಹೊಂಟವರು ಹೊಳ್ಳಿ ನಿಂತ್ರು. "ತಲಿ ನೋವು ಬಂದ್ರ ಕೂಡಲೇ ಹೇಳ್ರಿ. ನಾಳದಾಗಿನ ಕೊಬ್ಬು ತೆಗದೀವಿ, ಈಗ ಮಿದುಳಿಗೆ ರಕ್ತ ಜೋರ್ ಹೋಗ್ತೈತಿ. ಆ ಜೋರಿಗೆ ಒಳಗ ನಾಳ ಒಡೀಬಹುದು. ನಾ ಅಂಜೋದು ಅದಕ್ಕ."

ನಾನೂ ಅಂಜಿದೆ. ನಮ್ಮವರು ಬ್ಯಾರೇದಕ್ಕ ಅಂಜಿದ್ರು. ಅವರ ಅಪ್ಪನ್ನ ನಾಕು ದಿನ ಅಂತ ದವಾಖಾನಿಗೆ ಹಾಕಿದ್ರು. ಹದಿನೇಳನೇ ದಿನ ಹೆಣಾ ಬಂತು. "ಇನ್ನೊಂದು ದಿನ, ಇನ್ನೊಂದು ದಿನ ಅಂದೇ ಇಟಗೊಂಡ್ರಲೇ ಮೋತಿ" ಅಂತಿದ್ರು. ಬಿಪಿ ನೋಡೋ ಪಟ್ಟಿ ತೋಳಿಗೆ ಸುತ್ತಿದ ಕೂಡಲೇ ಅವರ ಎದಿ ಹೊಡಕೊಳ್ಳೋದು ನನಗ ಕಾಣತಿತ್ತು. ಪಟ್ಟಿ ಅಂಜಿಕಿಗೇ ಬಿಪಿ ಏರತಿತ್ತು. ಏರಿದ್ದಕ್ಕ ಇನ್ನೊಂದು ದಿನ.

ಮೂರಾತು. ನಾಕಾತು. ನಾಕನೇ ದಿನ ಬಿಪಿ ನಿಂತಿತು.

ಐದನೇ ದಿನ ಮುಂಜಾನೆ ನಾ ಚಾ ತರಾಕ ಹೋಗಿದ್ದೆ. ಬಂದು ನೋಡಿದ್ರ ತಲಿಗೆ ಟವಲ್ ಕಟ್ಟಿದ್ರು. ಗಂಟು ಮುಂದ, ಎಡ ಹಣಿ ಮ್ಯಾಲೆ. ಚಾ ಕೆಳಗಿಟ್ಟು ಹಂತ್ಯಾಕ ಕುಂತೆ.

"ರೀ, ನೋಯಾಕತ್ತೈತೇನು?"

"ಸುಮ್ನಿರು. ಇವತ್ತ ಬಿಡ್ತಾರ."

"ಡಾಕ್ಟರ್ ಹೇಳ್ಯಾರಲ್ಲ, ಹೇಳೂಣು."

ನನ್ನ ಕೈ ಹಿಡಕೊಂಡ್ರು. ಬಿದ್ದಿದ್ದ ಆ ಬಲಗೈಲೇ. ಜೋರ್ ಹಿಡಕೊಂಡ್ರು. "ಹೇಳಿದ್ರ ಇಟಗೊಂತಾರ. ನಾ ನಮ್ಮಪ್ಪನಂಗ ಹೋಗ್ತೀನಿ. ಮನಿಗೆ ಕರಕೊಂಡು ಹೋಗು ಮೋತಿ."

ಅಷ್ಟರಾಗ ನರ್ಸ್ ಪ್ರಿಯಾಂಕಾ ಬಂದ್ಲು. ಪಟ್ಟಿ ಸುತ್ತಿದ್ಲು. ಬಿಪಿ ಸ್ವಲ್ಪ ಹೆಚ್ಚೈತಿ, ನಡೀತೈತಿ ಅಂದ್ಲು. ಆಮ್ಯಾಲೆ ಟವಲ್ ನೋಡಿದ್ಲು.

"ಕಾಕಾರ, ತಲಿ ಯಾಕ ಕಟ್ಟೀರಿ? ನೋವೈತೇನು?"

ಅವರು ಇಲ್ಲ ಅಂತ ಗೋಣು ಅಲ್ಲಾಡಿಸಿದ್ರು. ಆಕಿ ನನ್ನ ಕಡೆ ನೋಡಿದ್ಲು.

"ಇಲ್ಲವ್ವ. ಗಿರಣಿಯವರು. ರೂಢಿ" ಅಂದೆ.

ಆಕಿ ನಕ್ಕು ಬರಕೊಂಡು ಹೋದ್ಲು. ಮಧ್ಯಾಹ್ನ ಬಿಟ್ರು.

ಬಸ್ಸಿನಾಗ ಕಿಡಕಿ ಹಂತ್ಯಾಕ ಕುಂತ್ರು. ದಾರಿ ಪೂರಾ ಅವರ ಹಣಿ ನೋಡಿಕೊಂತ ಬಂದೆ. ಮರುದಿನ ಗಿರಣಿ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂತ್ರು. ಹನಮಂತವ್ವ ಬಂದು, "ಬಂದ್ರಿ? ಚೆಲ್ಲಿದ್ದ ಜ್ವಾಳ ನಮ್ಮ ಕೋಳಿ ತಿಂದು ದಪ್ಪ ಆಗ್ಯಾವ" ಅಂದ್ಲು. ಅವರು ನಗಲಿಲ್ಲ. ಬೆಳಕು ಕಣ್ಣಿಗೆ ಚುಚ್ಚತೈತಿ ಅಂದ್ರು. ವಾಂತಿ ಮಾಡಿದ್ರು. ಕುರ್ಚಿಯಿಂದ ಬಲಕ್ಕ ಬಿದ್ರು. ಮತ್ತ ಮಾತಾಡಲಿಲ್ಲ.

ಅದ ದವಾಖಾನಿ. ಅದ ಡಾಕ್ಟರ್. ಮಿದುಳಾಗ ನಾಳ ಒಡದು ರಕ್ತ ಹರದೈತಿ ಅಂದ್ರು. ಎರಡು ದಿನ ಇದ್ರು. ಜೀವ ಹೋದ ಮ್ಯಾಲೆ ಡಾಕ್ಟರ್ ಕೇಳಿದ್ರು, "ಬಿಡೋ ದಿನ ತಲಿ ನೋವಿತ್ತೇನವ್ವ?"

ಯಾರ ಸಲವಾಗಿ ಸುಳ್ಳು ಹೇಳಬೇಕಿತ್ತೋ ಅವರ ಉಳಿದಿರಲಿಲ್ಲ. "ಇತ್ರಿ" ಅಂದೆ.

ಅವರು ಬಯ್ಯಲಿಲ್ಲ. ಬೈದಿದ್ರ ಛಲೋ ಇತ್ತು. ಅದನ್ನೂ ಬರಕೊಂಡ್ರು.

ಗಂಡ ಸತ್ತಾಕಿ ಹೊರಗ ಬರಬಾರದು ಅನ್ನೋ ಇದ್ದತ್ತಿನ ನಾಕು ತಿಂಗಳು ಹತ್ತು ದಿನ ಮನಿಯಾಗ ಕುಂತೆ. ಈಗ ಗಿರಣಿ ನಾನ ನಡಸ್ತೀನಿ. ಮುಂಜಾನೆ ಏಳಕ್ಕ ಬಾಗಲಾ ತೆಗೀತೀನಿ. ನಿನ್ನಿನ ಹಿಟ್ಟು ಬಳೀತೀನಿ. ಮೊಳಿಗೆ ಹಾಕಿದ ಟವಲ್ ಝಾಡಿಸಿ ತಲಿಗೆ ಕಟ್ಟಿಕೊಂತೀನಿ, ಅದರ ಮ್ಯಾಲೆ ಸೆರಗು. ಗಂಟು ಹಿಂದೈತಿಲ್ಲೋ ಕೈ ಹಚ್ಚಿ ನೋಡಿ, ಮೋಟಾರ್ ಚಾಲೂ ಮಾಡ್ತೀನಿ.