ಉಣ್ಣೆ ಕತ್ತರಿಸುವವರ ಹಾಸಿಗೆ ಕಾಯುವ ಕಸಿಲ್ದಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಕ್ ಮರದ ಕೆಳಗೆ ನಿಂತ ಉದ್ದನೆಯ ಬಿಳಿ ವ್ಯಾನಿನ ಹಿಂಬಾಗಿಲು, ಪಕ್ಕದ ಬಾಗಿಲು ಎರಡೂ ಹಾರುಹೊಡೆದಿವೆ. ಒಳಗಿಂದ ಮೊದಲು ಒಂದು ದಿಂಬು ಹೊರಗೆ ಬರುತ್ತದೆ, ಆಮೇಲೆ ಇನ್ನೊಂದು, ಅದರ ಹಿಂದೆಯೇ ಸುತ್ತಿದ ರಗ್ಗು. ಕೊನೆಗೆ ಬರುವುದು ಕಸಿಲ್ದಾಳ ಗಂಟಲು.

"ಏಳೋ ಒನೋಫ್ರೆ! ಆ ಹಾಸಿಗೆ ಸ್ವಲ್ಪ ಉಸಿರಾಡ್ಲಿ!"

"ಹಾಸಿಗೆ ಉಸಿರಾಡ್ಲಿ ಅಂತ ದಿನಾ ನನ್ನ ಉಸಿರು ತೆಗೀತೀಯಲ್ಲ ಅಕ್ಕ," ಎಂದು ಗೊಣಗುತ್ತ ತಮ್ಮ ಕೆಳಗಿಳಿಯುತ್ತಾನೆ. ದೊಡ್ಡಣ್ಣ ಫೆರ್ಮಿನ್ ಆಗಲೇ ಎದ್ದು ಕಾಫಿ ಲೋಟ ಹಿಡಿದು ವ್ಯಾನಿನ ಸುತ್ತ ಶತಪಥ ಹಾಕುತ್ತಿದ್ದಾನೆ. ದೊಡ್ಡಿಯಲ್ಲಿ ಕುರಿಗಳು ಅರಚುತ್ತಿವೆ. ಬಿಸಿಲೇರುವ ಮೊದಲು ಆದಷ್ಟು ಕುರಿಗಳ ಉಣ್ಣೆ ಇಳಿಸಬೇಕು, ಮಧ್ಯಾಹ್ನಕ್ಕೆ ಇಲ್ಲಿಂದ ಕಾಲ್ತೆಗೆಯಬೇಕು. ಅವನಿಗೆ ಯಾವಾಗಲೂ ಮುಂದಿನ ಊರಿನದೇ ಧ್ಯಾನ.

ಏಪ್ರಿಲ್ ಕೊನೆಯಿಂದ ಜೂನ್ ಮುಗಿಯುವವರೆಗೆ ಎಸ್ತ್ರೆಮಾದುರಾದ ಸೆರೆನಾ ಬಯಲಿನಲ್ಲಿ ಈ ವ್ಯಾನು ಒಂದು ಕಡೆ ನಿಂತದ್ದಿಲ್ಲ. ಇಂದು ಈ ದೊಡ್ಡಿ, ನಾಳೆ ಗುಡ್ಡದಾಚೆಯ ದೊಡ್ಡಿ. ಅಣ್ಣ, ತಮ್ಮ, ಪೋಲೆಂಡಿನಿಂದ ಬಂದ ವಿತೆಕ್ ಎಂಬ ಕೆಲಸಗಾರ, ಮೂವರೂ ಕುರಿಯ ಉಣ್ಣೆ ಕತ್ತರಿಸುವವರು. ಕಸಿಲ್ದಾ ಅಡುಗೆಯವಳು ಎಂದು ಎಲ್ಲರ ಲೆಕ್ಕ. ಅಡುಗೆ ಮಾಡುತ್ತಾಳೆ, ನಿಜ. ಆದರೆ ಅವಳ ದಿನದ ಬಹುಪಾಲು ಹೋಗುವುದು ರೈಲಿನ ಬರ್ತಿನಂತೆ ಮೇಲೆರಡು ಕೆಳಗೆರಡು ಇರುವ ನಾಲ್ಕು ಹಾಸಿಗೆಗಳಿಗೆ. ಅವಳದು ಪರದೆ ಕಟ್ಟಿದ ಕೆಳಗಿನ ಮೂಲೆ.

ಎದ್ದ ತಕ್ಷಣ ಹಾಸಿಗೆ ನೀಟಾಗಿ ಹೊದಿಸಿಡುವುದು ಅವಳ ಪ್ರಕಾರ ದೊಡ್ಡ ತಪ್ಪು. ರಾತ್ರಿಯ ಬೆವರು, ನಾಲ್ಕು ಜನರ ಉಸಿರಿನ ತೇವ ಎಲ್ಲ ಅದರೊಳಗೇ ಬಂದಿಯಾಗುತ್ತದೆ. ಹಾಗಾಗಿ ಮೊದಲು ರಗ್ಗು ಹೊರಗೆ, ಫೋಮ್ ಹಾಸಿಗೆಗಳು ಗೋಡೆಗೆ ಒರಗಿ ನಿಲ್ಲಬೇಕು, ಗಾಳಿ ಈ ಬಾಗಿಲಿಂದ ಆ ಬಾಗಿಲಿಗೆ ಹಾಯಬೇಕು. ಆಮೇಲೆ ಅವಳು ಪ್ರತಿ ಹೊಲಿಗೆಯ ಗುಂಟ ಹೆಬ್ಬೆರಳು ಒತ್ತುತ್ತ ಹೋಗುತ್ತಾಳೆ. ಉಣ್ಣೆಯ ಜೊತೆ ಉಣ್ಣಿಯೂ ಬರುತ್ತದೆ. ಸಿಕ್ಕಿದ್ದು ಸ್ಪಿರಿಟ್ಟಿನ ಡಬ್ಬಿಗೆ. ಕೆಲಸದ ಬಟ್ಟೆ ತೊಟ್ಟವರಿಗೆ ವ್ಯಾನಿನೊಳಗೆ ಪ್ರವೇಶವಿಲ್ಲ. ಜಿಡ್ಡು ಹಿಡಿದ ಪ್ಯಾಂಟು ಹಿಂಬಾಗಿಲ ತಂತಿಗೆ, ಪಾದಗಳು ಮೊದಲು ಬಕೆಟ್ಟಿಗೆ.

ಬೆಡ್‌ಶೀಟುಗಳೆಲ್ಲ ಬಿಳಿ. ಕುರಿಯ ನಡುವೆ ಬದುಕುವವರಿಗೆ ಬಿಳಿ ಯಾಕೆಂದು ಕೇಳಿದವರು ಬಹಳ.

"ಹೂವಿಂದು, ಗೆರೆಯದ್ದು ಎಲ್ಲಾ ಸುಳ್ಳು ಹೇಳುತ್ತೆ. ಬಿಳಿದು ಇದ್ದದ್ದು ಇದ್ದ ಹಾಗೆ ತೋರ್ಸುತ್ತೆ," ಎನ್ನುತ್ತಾಳೆ. ಹೇಳುವಾಗಲೂ ಕೈ ಸುಮ್ಮನಿರದು. ಹಗ್ಗದ ಮೇಲಿನ ಬಟ್ಟೆಯ ಮೂಲೆ ಹಿಂಡಿ ನೋಡುತ್ತದೆ, ಒಣಗಿತೇ ಎಂದು.

ಒಣಗಿರುವುದಿಲ್ಲ. ಅವಳ ಬದುಕಿನ ತಕರಾರೇ ಅದು. ಪಟ್ಟಣದ ಪೆಟ್ರೋಲ್ ಬಂಕಿನ ಪಕ್ಕ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಿದೆ. ಅಲ್ಲಿ ಒಗೆದು ತಂದು, ವ್ಯಾನಿನ ಕನ್ನಡಿಯಿಂದ ಮರಕ್ಕೆ ಹಗ್ಗ ಕಟ್ಟಿ ಹರವುವಷ್ಟರಲ್ಲಿ ಫೆರ್ಮಿನ್ ಎಂಜಿನ್ ಶುರು ಮಾಡಿರುತ್ತಾನೆ. ಅರೆಹಸಿ ಬೆಡ್‌ಶೀಟುಗಳು ಮುಂದಿನ ಸೀಟಿನಲ್ಲಿ ಅವಳ ತೊಡೆಯ ಮೇಲೆ ಹರಡಿಕೊಂಡು, ಕಿಟಕಿಯ ಗಾಳಿಗೆ ಪಟಪಟ ಎನ್ನುತ್ತ ಮುಂದಿನ ಊರಿಗೆ ಹೋಗುತ್ತವೆ.

ಈ ಕೆಲಸಕ್ಕೆ ಅವಳು ಬಂದದ್ದು ಗಂಡ ತೀರಿಕೊಂಡ ವರ್ಷ. ಅದಕ್ಕೆ ಮುಂಚೆ ಆಲಿವ್ ಕಾಯಿಗೆ ಉಪ್ಪುನೀರು ತುಂಬುವ ಕಾರ್ಖಾನೆಯಲ್ಲಿದ್ದಳು. ಗಂಡನಿಲ್ಲದ ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಂದಂತಾಗುತ್ತಿತ್ತು. "ಒಂದು ಸೀಸನ್ ಬಾ, ಅನ್ನ ಬೇಯಿಸಿ ಹಾಕು, ಸಾಕು," ಎಂದು ಅಣ್ಣ ಕರೆದ. ಮೊದಲ ದಿನ ವ್ಯಾನಿನ ಬಾಗಿಲು ತೆಗೆದವಳು ಹಾಗೇ ಮುಚ್ಚಿದಳಂತೆ.

"ಒನೋಫ್ರೆಯ ರಗ್ಗನ್ನ ಎತ್ತಿ ಮೂಲೇಲಿ ನಿಲ್ಸಿದೆ. ಬೀಳ್ಲೇ ಇಲ್ಲ ಅದು, ಮನುಷ್ಯನ ಥರಾ ನಿಂತ್ಕೊಂಡ್ತು! ಅಷ್ಟು ಜಿಡ್ಡು. ಸುಟ್ಟುಹಾಕಿ ಬಂದೆ."

"ನನ್ನ ಮಟ್ಟಿಗೆ ಚೆನ್ನಾಗಿತ್ತು ಆ ರಗ್ಗು," ಎಂದು ಒನೋಫ್ರೆ ಇವತ್ತಿಗೂ ಮುಖ ಸಣ್ಣ ಮಾಡುತ್ತಾನೆ.

ಅಂದಿನಿಂದ ಸೀಸನ್ನಿನ ಮೇಲೆ ಸೀಸನ್ ಕಳೆಯಿತು. ಅವಳಿಗೆ ಐವತ್ತೆಂಟಾಯಿತು. ದಿನವಿಡೀ ಬಗ್ಗಿ ದುಡಿದವರು ಒಳ್ಳೆಯ ನಿದ್ದೆ ಮಾಡಿ ಏಳುತ್ತಿದ್ದರು. ಯಾಕೆ ಒಳ್ಳೆಯ ನಿದ್ದೆ ಬಂತು ಎಂದು ಯಾರೂ ಯೋಚಿಸಲಿಲ್ಲ. ಯೋಚಿಸುವ ಪ್ರಸಂಗ ಹೋದ ವರ್ಷ ಮೇ ತಿಂಗಳಲ್ಲಿ ಬಂತು.

ವಿತೆಕ್ ಆಗಷ್ಟೇ ಸೇರಿಕೊಂಡಿದ್ದ. ನಲವತ್ತು ದಾಟಿದ, ಮಾತು ಕಡಿಮೆಯ, ಕೈ ಚುರುಕಿನ ಆಳು. ಇನ್ನೊಂದು ತಂಡದ ವ್ಯಾನಿನಲ್ಲಿದ್ದು ಬಂದವನು. ಅವನು ಬಂದು ಎರಡು ವಾರವಾಗಿರಬಹುದು, ಬೆಳಿಗ್ಗೆ ಕಸಿಲ್ದಾ ಅವನ ಬೆಡ್‌ಶೀಟು ಎತ್ತಿದಾಗ ಸೂಜಿಮೊನೆಯಷ್ಟು ಸಣ್ಣ ಸಣ್ಣ ರಕ್ತದ ಚುಕ್ಕೆಗಳು ಕಂಡವು. ಉಣ್ಣಿ ಕಚ್ಚಿದ ಕಲೆ ಅವಳಿಗೆ ಗೊತ್ತು. ಇದು ಅದಲ್ಲ. ದೊಡ್ಡಿಯ ಬಳಿ ಹೋಗಿ ನಿಂತು ನೋಡಿದಳು. ಕುರಿ ಬಿಟ್ಟು ಕುರಿ ಹಿಡಿಯುವ ನಡುವೆ ಅವನು ಬೆರಳ ಸಂದು, ಮಣಿಕಟ್ಟು ಕೆರೆದುಕೊಳ್ಳುತ್ತಿದ್ದ.

"ಕೈ ತೋರ್ಸು," ಎಂದಳು.

"ಏನೂ ಇಲ್ಲ ಅಕ್ಕ. ಹುಲ್ಲು. ಹುಲ್ಲು ಆಗೋಲ್ಲ ನಂಗೆ." ಒನೋಫ್ರೆ ಕರೆಯುವುದನ್ನು ಕೇಳಿ ಅವನೂ ಅಕ್ಕ ಎನ್ನಲು ಕಲಿತಿದ್ದ.

"ಹುಲ್ಲು ಬೆರಳ ಸಂದೀಲಿ ಬಿಲ ತೋಡಲ್ಲಪ್ಪ. ತೋರ್ಸು."

ಕಜ್ಜಿ. ಪಟ್ಟಣದ ಔಷಧಿ ಅಂಗಡಿಯ ಹೆಂಗಸು ನೋಡಿದ ಕೂಡಲೇ ಹೇಳಿದಳು. ಆರೋಗ್ಯ ಕೇಂದ್ರದ ವೈದ್ಯರೂ ಅದನ್ನೇ ಹೇಳಿದರು. ಒಂದೇ ವ್ಯಾನಿನಲ್ಲಿ ಮಲಗುವವರು ಅಂದ ಮೇಲೆ ನಾಲ್ವರೂ ಒಂದೇ ದಿನ ಕತ್ತಿನಿಂದ ಅಂಗಾಲಿನ ತನಕ ಮುಲಾಮು ಹಚ್ಚಬೇಕು, ವಾರ ಬಿಟ್ಟು ಮತ್ತೊಮ್ಮೆ. ಮೈಗೆ ತಾಗಿದ ಬಟ್ಟೆಯೆಲ್ಲ ಕುದಿಯುವಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಒಂದು ವಾರ ಮುಟ್ಟಬಾರದು. ಮೈ ಸಿಗದಿದ್ದರೆ ಹುಳ ತಾನಾಗಿ ಸಾಯುತ್ತದೆ.

ಫೆರ್ಮಿನ್ ಕಿವಿಗೆ ಮೊದಲು ಬಿದ್ದದ್ದು 'ಒಂದು ವಾರ' ಎನ್ನುವುದೊಂದೇ.

"ಬಾಯಿ ಮುಚ್ಕೊಂಡಿರು," ಎಂದ, ಹಲ್ಲು ಕಚ್ಚಿ. "ಅವನನ್ನ ಸಂಜೆ ಬಸ್ ಸ್ಟ್ಯಾಂಡಲ್ಲಿ ಇಳಿಸಿಬಿಡೋಣ. ಅರ್ಧ ಮಂದೆ ಇನ್ನೂ ಬಾಕಿ ಇದೆ. ಕಜ್ಜಿ ಅಂದ್ರೆ ಈ ಬಯಲಲ್ಲಿ ನಮ್ಮನ್ನ ಯಾವನೂ ಗೇಟೊಳಗೆ ಬಿಡಲ್ಲ."

"ಇಳಿಸಿದ್ರೆ ಅವನು ಇನ್ನೊಂದು ವ್ಯಾನು ಹತ್ತುತಾನೆ. ಅಲ್ಲಿ ಯಾರು ಒಗೀತಾರೆ?"

"ಅದು ನಮ್ಮ ತಲೆನೋವಲ್ಲ."

"ಅಣ್ಣ, ನಿನ್ನೆ ನಾನು ನಮ್ಮ ಬೆಡ್‌ಶೀಟೆಲ್ಲ ದೋನ್ಯಾ ಪೆತ್ರಾ ಅವರ ಮನೆ ಮಷಿನ್ನಲ್ಲೇ ಒಗೆದಿದೀನಿ. ಅವರ ಮೊಮ್ಮಕ್ಕಳ ಬಟ್ಟೇನೂ ಅದರಲ್ಲೇ ಹಾಕ್ತಾರೆ."

ಫೆರ್ಮಿನ್ ಲೋಟ ಬಿಸಾಕಿ ಹೋದ.

ಆ ಮಧ್ಯಾಹ್ನ ಕಸಿಲ್ದಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಡುಗೆಗೆ ಹಚ್ಚಿದ ಒಲೆ ಆರಿಸಿದಳು, ಮತ್ತೆ ಹಚ್ಚಿದಳು. ಮಂದೆಯ ಒಡತಿ ದೋನ್ಯಾ ಪೆತ್ರಾಳ ಮನೆಯ ತನಕ ಹೋಗಿ ತಿರುಗಿ ಬಂದಳು. ಎರಡನೇ ಸಲ ಹೋದಾಗ ಬಾಗಿಲು ತಟ್ಟಿಯೇಬಿಟ್ಟಳು. ದೋನ್ಯಾ ಪೆತ್ರಾ ಪೂರ್ತಿ ಕೇಳಿದಳು. ಬೈಯಲಿಲ್ಲ. ಮಷಿನ್ನು ಬಿಸಿನೀರಿನಲ್ಲಿ ಖಾಲಿ ಓಡಿಸಲು ಒಳಗೆ ಕೂಗಿ ಹೇಳಿ, "ಸಂಜೆಯೊಳಗೆ ಹೊರಟುಬಿಡಿ," ಎಂದು ಬಾಗಿಲು ಹಾಕಿಕೊಂಡಳು.

ಉಳಿದರ್ಧ ಮಂದೆಯನ್ನು ಬೇರೆ ತಂಡ ಕತ್ತರಿಸಿತು. ಮುಂದೆ ಕರೆದಿದ್ದ ಎರಡು ಕಡೆಯಿಂದಲೂ ಬರಬೇಡಿ ಎಂದು ಫೋನ್ ಬಂತು.

ಸೂಹಾರ್ ನದಿಯ ಪಕ್ಕ ಯಾರೂ ಬಳಸದ ಹಳೆಯ ಕಣವೊಂದರಲ್ಲಿ ವ್ಯಾನು ನಿಂತಿತು. ಓಡಾಡಿ ಅಭ್ಯಾಸವಾದವರಿಗೆ ನಿಲ್ಲುವುದೇ ಶಿಕ್ಷೆ. ಫೆರ್ಮಿನ್ ಹಗಲೆಲ್ಲ ಕಣದ ಅಂಚಿನಲ್ಲಿ ಅಡ್ಡಾಡುತ್ತ ಕತ್ತರಿಸುವ ಮಷಿನ್ನಿನ ಬ್ಲೇಡುಗಳನ್ನು ಹರಿತವಾದ ಮೇಲೂ ಹರಿತ ಮಾಡುತ್ತಿದ್ದ. ತಂಗಿಯ ಜೊತೆ ಮಾತಿಲ್ಲ. ಉಪ್ಪು ಬೇಕಾದರೆ ಒನೋಫ್ರೆಯಿಂದ ಅವಳಿಗೆ ಹೇಳಿಸುತ್ತಿದ್ದ. ಪರಸ್ಪರರ ಬೆನ್ನಿಗೆ ಮುಲಾಮು ಹಚ್ಚಬೇಕಾಗಿ ಬಂದಾಗಂತೂ ಒನೋಫ್ರೆ, "ಮೂರು ಮೀನು ಹುರಿಯೋಕೆ ಎಣ್ಣೆ ಸವರಿದ ಹಾಗಿದೆ," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಕಸಿಲ್ದಾ ಮಾತ್ರ ಕೂರಲಿಲ್ಲ. ಮೂರು ಕಲ್ಲು ಹೂಡಿ ಹಂಡೆಯಿಟ್ಟು ಬೆಡ್‌ಶೀಟು, ದಿಂಬಿನ ಕವರು, ಒಳಬಟ್ಟೆ ಎಲ್ಲವನ್ನೂ ಕುದಿಸಿದಳು. ರಗ್ಗು, ದಿಂಬು, ಫೋಮುಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ವ್ಯಾನಿನ ಮೇಲೆ ಬಿಸಿಲಿಗೆ ಹಾಕಿದಳು. ಬರಿಯ ಹಲಗೆಗೆ ದಪ್ಪ ರಟ್ಟು, ಅದರ ಮೇಲೆ ಕುದಿಸಿದ ಬೆಡ್‌ಶೀಟು. ಬೆಳಿಗ್ಗೆ ಆ ಬೆಡ್‌ಶೀಟು ಮತ್ತೆ ಹಂಡೆಗೆ. ಅವಳ ಕೈಯ ಚರ್ಮ ಸುಲಿದು ಬಂತು.

ವಿತೆಕ್ ಒಂದು ಬೆಳಿಗ್ಗೆ ಚೀಲ ಕಟ್ಟಿಕೊಂಡು ನಿಂತಿದ್ದ. "ನಾನು ಹೋಗೋದು ಅಕ್ಕ. ನನ್ನಿಂದ ಕೆಲಸ ಹೋಯ್ತು ಎಲ್ರದ್ದೂ."

"ಎರಡನೇ ಸಲ ಮುಲಾಮು ಹಚ್ಚೋದು ಯಾವತ್ತು?"

"ಶುಕ್ರವಾರ."

"ಹಾಗಾದ್ರೆ ಚೀಲ ಕೆಳಗಿಡು. ಒಳಗಿರೋ ಅಂಗಿ ಎಲ್ಲ ತೆಗಿ, ಅವನ್ನೂ ಕುದಿಸ್ಬೇಕು."

ಶುಕ್ರವಾರವೂ ಕಳೆಯಿತು, ವಿತೆಕ್ ಇನ್ನೂ ಕೆರೆದುಕೊಳ್ಳುತ್ತಲೇ ಇದ್ದ. ಅಷ್ಟು ದಿನ ಮಾತು ಬಿಟ್ಟಿದ್ದ ಫೆರ್ಮಿನ್ ಸಿಡಿದ. "ನೋಡು! ಇನ್ನೂ ಕೆರೀತಾನೆ! ಏನು ಮಾಡ್ದೆ ನೀನು ಇಷ್ಟು ದಿನ?" ಹುಳ ಸತ್ತ ಮೇಲೂ ಕೆಲವು ವಾರ ತುರಿಕೆ ಇರುತ್ತದೆಂದು ಔಷಧಿ ಅಂಗಡಿಯವಳು ಹೇಳಿದ್ದಳು. ಕಸಿಲ್ದಾಗೂ ಅದನ್ನು ಪೂರ್ತಿ ನಂಬುವ ಧೈರ್ಯವಿರಲಿಲ್ಲ. ಪ್ರತಿ ಬೆಳಿಗ್ಗೆ ಬಿಳಿ ಬಟ್ಟೆಯನ್ನು ಸೂರ್ಯನಿಗೆ ಹಿಡಿದು ನೋಡುತ್ತಿದ್ದಳು. ಚುಕ್ಕೆಗಳು ಕಡಿಮೆಯಾದವು. ಆಮೇಲೆ ಇಲ್ಲವಾದವು.

ಕೊನೆಗೂ ಅವರನ್ನು ಹುಡುಕಿ ಬಂದವನು ನದಿಯಾಚೆಯ ಸತೂರಿಯೊ. ಸಣ್ಣ ಮಂದೆಯ ಮುದುಕ. ಬೇರೆ ಯಾವ ತಂಡಕ್ಕೂ ಬಿಡುವಿಲ್ಲದ್ದರಿಂದ ಬಂದಿದ್ದ.

"ಕಜ್ಜಿ ಆಗಿದ್ದು ನಿಮಗೇನಾ?" ಎಂದ, ದೂರದಲ್ಲೇ ನಿಂತು.

ಕಸಿಲ್ದಾ ಮುಂದೆ ಬಂದಳು. "ಆಗಿತ್ತು. ವಾಸಿಯಾಯ್ತು. ಬನ್ನಿ, ನೀವೇ ನೋಡಿ."

ಮುದುಕ ವ್ಯಾನು ಹತ್ತಿದ. ದಿಂಬು ಮೂಸಿದ, ಬೆಡ್‌ಶೀಟು ಸವರಿದ, ಹೊಲಿಗೆ ಅಗಲಿಸಿ ಇಣುಕಿದ. ಆಮೇಲೆ ಅದೇನನ್ನಿಸಿತೋ, ಒನೋಫ್ರೆಯ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟ.

"ಬೂಟು!" ಎಂದು ಕಿರುಚಿದಳು ಕಸಿಲ್ದಾ. "ಸೆಗಣಿ ಬೂಟು ಹಾಕ್ಕೊಂಡು ಮಲಗ್ತೀರಲ್ಲ, ನಿಮ್ಮನೇಲಿ ಹೇಳೋರು ಕೇಳೋರು ಇಲ್ವಾ? ಇಳೀರಿ ಮೊದ್ಲು!"

ಬಂದಿದ್ದ ಒಂದು ಕೆಲಸವೂ ಹೋಯಿತೆಂದು ಫೆರ್ಮಿನ್ ಹಣೆ ಚಚ್ಚಿಕೊಂಡ. ಮುದುಕ ಎದ್ದು ಕೂತು ತನ್ನ ಬೂಟನ್ನೂ ಅವಳ ಮುಖವನ್ನೂ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ.

"ನನ್ನ ಹೆಂಡ್ತಿ ಹೋದ ಮೇಲೆ ಇಷ್ಟು ಜೋರಾಗಿ ಯಾರೂ ಬೈದಿರ್ಲಿಲ್ಲ. ನಾಳೆ ಬೆಳಿಗ್ಗೆ ಬನ್ನಿ."

ಅಲ್ಲಿಂದ ಒಂದೊಂದಾಗಿ ಕರೆಗಳು ಬಂದವು, ಮುಂಚಿನಷ್ಟಲ್ಲ. ದೋನ್ಯಾ ಪೆತ್ರಾ ಈ ವರ್ಷ ಕರೆದಿಲ್ಲ. ಆ ದಾರಿಯಲ್ಲಿ ಹೋಗುವಾಗ ಫೆರ್ಮಿನ್ ವ್ಯಾನಿನ ವೇಗ ಹೆಚ್ಚಿಸುತ್ತಾನೆ. ಅವನು ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವ ಪೈಕಿಯವನಲ್ಲ. ಹೋದ ಚಳಿಗಾಲದ ಒಂದು ಭಾನುವಾರ ಗರಗಸ ಹಿಡಿದು ವ್ಯಾನಿನೊಳಗೆ ಸೇರಿಕೊಂಡವನು ಸಂಜೆತನಕ ಹೊರಬರಲಿಲ್ಲ. ನೋಡಿದರೆ ನಾಲ್ಕೂ ಮಂಚದ ಹಲಗೆ ಕಿತ್ತು, ಗಾಳಿ ಆಡಲೆಂದು ಸಂದು ಬಿಟ್ಟು ಪಟ್ಟಿಗಳನ್ನು ಬಡಿದಿದ್ದ. "ಅಡಿಯಲ್ಲಿ ತೇವ ನಿಲ್ಲುತ್ತೆ ಅಂತ ವಟಗುಡ್ತಿದ್ದೆಯಲ್ಲ, ತಗೋ," ಎಂದಷ್ಟೇ ಹೇಳಿದ.

ಕಸಿಲ್ದಾಳ ನಿದ್ದೆ ಮಾತ್ರ ಮೊದಲಿನಂತಿಲ್ಲ. ಯಾರಾದರೂ ಮೈ ಕೆರೆದುಕೊಂಡ ಸದ್ದಾದರೆ ಸಾಕು, ಪರದೆ ಸರಿಸಿ ಎದ್ದು ಕೂರುತ್ತಾಳೆ. "ಸೊಳ್ಳೆ ಅಕ್ಕ, ಬರೀ ಸೊಳ್ಳೆ," ಎಂದು ವಿತೆಕ್ ಮೇಲಿನಿಂದ ಸಮಾಧಾನ ಹೇಳುತ್ತಾನೆ. ಈ ಸೀಸನ್ನಿಗೂ ಅವನು ಇಲ್ಲಿಗೇ ಬಂದಿದ್ದಾನೆ. ಬರುವಾಗ ಊರಿನಿಂದ ಒಂದು ಜೊತೆ ಬಿಳಿ ದಿಂಬಿನ ಕವರು ತಂದಿದ್ದ.

ಬಿಸಿಲೇರಿದೆ. ದೊಡ್ಡಿಯಲ್ಲಿ ಕೊನೆಯ ಕುರಿ ಬೋಳಾಗಿ ಎದ್ದು ಓಡುತ್ತದೆ. ಫೆರ್ಮಿನ್ ಹಾರನ್ ಒತ್ತುತ್ತಾನೆ, ಒಮ್ಮೆ, ಇನ್ನೊಮ್ಮೆ. ಕಸಿಲ್ದಾ ಹಗ್ಗ ಬಿಚ್ಚುತ್ತ ಬೆಡ್‌ಶೀಟುಗಳನ್ನು ತೋಳಿನ ಮೇಲೆ ಹೇರಿಕೊಳ್ಳುತ್ತಾಳೆ. ಇಷ್ಟು ವರ್ಷದ ಈ ಪಾಡಿನ ಬಗ್ಗೆ ಹೇಳಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಕೇಳಿದರೆ ಅವಳಿಗೆ ಮುಜುಗರ.

"ನನ್ನ ವ್ಯಾನಲ್ಲಿ ಮಲಗಿದೋನು ಯಾವನೂ ಕೆರ್ಕೊಂಡು ಎದ್ದಿಲ್ಲ ಅಂತ ಮೊದ್ಲೆಲ್ಲ ಜಂಬ ಕೊಚ್ಕೋತಿದ್ದೆ," ಎನ್ನುತ್ತಾಳೆ, ಒಂದು ಕಾಲು ಆಗಲೇ ಮೆಟ್ಟಿಲ ಮೇಲಿಟ್ಟು. "ಈಗ ಹಾಗನ್ನೋಕಾಗಲ್ಲ. ಕೆರ್ಕೊಂಡು ಎದ್ದೋನ್ನ ದಾರೀಲಿ ಇಳಿಸಿ ಹೋಗ್ಲಿಲ್ಲ. ಅಷ್ಟು ಹೇಳ್ಕೋಬಹುದು."