ದೆವ್ವವನ್ನು ತೋರಿಸದ ಅತ್ತೆ

ಇಂದು ಒದ್ದೆ ಲಾವಂಚದ ವಾಸನೆ ಮೂಗಿಗೆ ಬಡಿದು, ಅರವತ್ತರ ದಶಕದ ಅಹಮದಾಬಾದಿನ ಮಧ್ಯಾಹ್ನಗಳು ನೆನಪಾದವು. ಬಿಸಿಗಾಳಿ ತಡೆಯಲು ಕಿಟಕಿಗೆ ಒದ್ದೆ ಲಾವಂಚದ ತಡಿಕೆ ಕಟ್ಟಿ, ಧಾರವಾಡದ ಅತ್ತೆ ಅಡಕೆ ಕತ್ತರಿಸುತ್ತ ಕಥೆ ಹೇಳುತ್ತಿದ್ದಳು.

"ಕೆಳಗಿನ ಮನಿ ತೂಗುಮಂಚ ಖಾಲಿ ಇತ್ತು. ಗಾಳಿ ಇರಲಿಲ್ಲ. ಆದ್ರೂ ಸರಪಳಿ ಕಿರ್ರ್ ಅಂತು…"

"ದೆವ್ವ ಹೆಂಗಿತ್ತು, ಅತ್ಯಾ?"

"ಅದನ್ನ ನಾ ಹೇಳಿದ್ರ ನೀ ಅಂಜೂದಿಲ್ಲ."

ಆ ತೂಗುಮಂಚದಲ್ಲಿ ದಿನವೂ ನನ್ನನ್ನು ಕೂರಿಸಿಕೊಳ್ಳುತ್ತಿದ್ದ ಗುಜರಾತಿ ಅಜ್ಜಿ "ಆವ್ ಬೇಟಾ" ಎಂದು ಎಷ್ಟು ಕರೆದರೂ ನಾನು ಮತ್ತೆ ಹೋಗಲಿಲ್ಲ. ಅಜ್ಜಿ ನೊಂದುಕೊಂಡರು. ವಿಷಯ ತಿಳಿದ ಅತ್ತೆ ನನ್ನನ್ನು ಕೆಳಗೆ ಕರೆದೊಯ್ದು, ಅಜ್ಜಿಯ ಪಕ್ಕ ಕೂತು, ಅರೆಬರೆ ಹಿಂದಿಯಲ್ಲಿ ಕಥೆಯನ್ನೆಲ್ಲ ಒಪ್ಪಿಸಿದಳು. ಅಜ್ಜಿ ನನ್ನನ್ನು ಮಡಿಲಿಗೆಳೆದುಕೊಂಡು ಬಿದ್ದು ಬಿದ್ದು ನಕ್ಕರು. ಆಮೇಲೆ ಸರಪಳಿಯತ್ತ ಒಮ್ಮೆ ನೋಡಿ, ಮೆಲ್ಲಗೆ ಕಾಲೂರಿ ತೂಗುಮಂಚ ನಿಲ್ಲಿಸಿದರು.

ಮುಂದೆ ನಾನು ಸಾಹಿತ್ಯ ಓದಿದೆ. ಈಗಲೂ ಭಯದ ಕಾದಂಬರಿಯಲ್ಲಿ ದೆವ್ವ ಕಾಣಿಸಿಕೊಂಡ ಪುಟಕ್ಕೇ ನನ್ನ ಅಂಜಿಕೆ ಮುಗಿದುಹೋಗುತ್ತದೆ.